ಸೆಸಮಿ ಸ್ಟ್ರೀಟ್‌ಗೆ ಸ್ಟಾರ್ ವಾರ್ಸ್ ರೋಬೋಟ್‌ಗಳು ನಿಜವಾಗಲೂ ಬಂದಿದ್ದವಾ?

ಬಂದಿದ್ದವು. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನಲ್ಲಿ ಗೊಂಬೆಗಳ ಜೊತೆ ಆ ರೋಬೋಟ್‌ಗಳಿರುವ ತುಣುಕು ನೋಡಿದರೆ ಯಾರೋ ಎಡಿಟ್ ಮಾಡಿದ್ದಿರಬೇಕು ಅನ್ನಿಸುತ್ತೆ, ಆದರೆ ಅದು ಎಡಿಟ್ ಅಲ್ಲ. 1980ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಗಿಡ್ಡ ರೋಬೋಟ್ ಆರ್‌ಟೂ-ಡೀಟೂ, ಮನುಷ್ಯನ ಆಕಾರದ ಸೀ-ಥ್ರೀಪಿಓ ಇಬ್ಬರೂ ಆ ಬೀದಿಗೆ ಬಂದಿದ್ದರು. ಚಿನ್ನದ ಬಣ್ಣದ ಥ್ರೀಪಿಓ ಒಳಗಿದ್ದದ್ದು ಸಿನಿಮಾದಲ್ಲೂ ಆ ಪಾತ್ರ ಮಾಡಿದ ನಟ ಆಂಟನಿ ಡೇನಿಯಲ್ಸ್ ಅವರೇ.

ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಆರ್‌ಟೂ ಪ್ರೀತಿಯಲ್ಲಿ ಬೀಳುವ ಭಾಗ. ಯಾರ ಮೇಲೆ ಗೊತ್ತಾ? ಫೈರ್ ಹೈಡ್ರಂಟ್ ಮೇಲೆ! ಅಮೆರಿಕದ ಫುಟ್‌ಪಾತ್‌ನಲ್ಲಿ ಇರುತ್ತಲ್ಲ, ಬೆಂಕಿ ಬಿದ್ದಾಗ ಪೈಪು ಸಿಕ್ಕಿಸುವ ಕಬ್ಬಿಣದ ಕಂಬ, ಅದು. ಗಿಡ್ಡ ಮೈ, ಗುಂಡು ತಲೆ. ಪಕ್ಕಪಕ್ಕ ನಿಂತರೆ ಒಳ್ಳೇ ಜೋಡಿ, ಪಾಪ ಆರ್‌ಟೂ ತಪ್ಪೇನೂ ಇಲ್ಲ. ನನ್ನ ಮಗಳಿಗೆ ತೋರಿಸಿದಾಗ ಅವಳು ನಗಲೇ ಇಲ್ಲ, "ಆ ಕಂಬ ಯಾಕೆ ಮಾತಾಡ್ತಿಲ್ಲ?" ಅಂತ ಬೇಜಾರು ಮಾಡಿಕೊಂಡಳು.

ಒಂದು ಗೊಂದಲ ಜಾಸ್ತಿ ಜನರಿಗೆ ಇದೆ. ಸ್ಟಾರ್ ವಾರ್ಸ್ ನಾಯಕ ಲ್ಯೂಕ್, ಅಂದರೆ ಆ ಪಾತ್ರದ ನಟ ಮಾರ್ಕ್ ಹ್ಯಾಮಿಲ್ ಬಂದದ್ದು ಸೆಸಮಿ ಸ್ಟ್ರೀಟ್‌ಗಲ್ಲ, ಅದೇ ಗೊಂಬೆಯಾಟದ ಬಳಗದ 'ದಿ ಮಪೆಟ್ ಶೋ'ಗೆ. ಅದೂ 1980ರಲ್ಲೇ. ಅದರಲ್ಲಿ ಲ್ಯೂಕ್ ತನ್ನ ಗೆಳೆಯ ಚೂಬಾಕಾನನ್ನು ಹುಡುಕಿಕೊಂಡು ನುಗ್ಗುತ್ತಾನೆ, ಹ್ಯಾಮಿಲ್ ತಾನಾಗಿಯೂ ಬಂದು ಲ್ಯೂಕ್ ನನ್ನ ಕಸಿನ್ ಅನ್ನುತ್ತಾರೆ, ಆಮೇಲೆ ಎಲ್ಲರೂ ಹೋಗಿ ಬೀಳುವುದು ಹಂದಿಗಳ ಬಾಹ್ಯಾಕಾಶ ನೌಕೆಗೆ. ನೌಕೆಯ ಹೆಸರು ಸ್ವೈನ್‌ಟ್ರೆಕ್. ಇನ್ನೊಂದು ಬಾಹ್ಯಾಕಾಶ ಕಥೆ ಸ್ಟಾರ್ ಟ್ರೆಕ್‌ಗೂ ಒಂದು ಚಿವುಟು ಸಿಕ್ಕಿತು ನೋಡಿ. ಆ ಶೋನ ಹಂದಿ ಗೊಂಬೆ ಮಿಸ್ ಪಿಗ್ಗಿ, ಸ್ಟಾರ್ ವಾರ್ಸ್‌ನ ರಾಜಕುಮಾರಿ ಲೇಯಾ ಥರ ಕೂದಲು ಕಟ್ಟಿಕೊಂಡು ಬರುತ್ತಾಳೆ. ಇನ್ನೊಂದು ಗೊಂಬೆ ಗಾಂಜೋ ಖಳನಾಯಕ, ಸ್ಟಾರ್ ವಾರ್ಸ್‌ನ ಖಳ ಡಾರ್ತ್ ವೇಡರ್‌ನ ಅಣಕು.

ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ನಂಟು ಇದ್ಯಾವುದೂ ಅಲ್ಲ, ಯೋಡಾ. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಲ್ಯೂಕ್‌ನ ಪುಟ್ಟ ಹಸಿರು ಗುರು ಯೋಡಾ ಒಂದು ಕೈಗೊಂಬೆ. ಗ್ರಾಫಿಕ್ಸ್ ಎಲ್ಲಾ ಆಮೇಲಿನದು. ಸಿನಿಮಾದವರು ಮೊದಲು ಮಪೆಟ್ ಗೊಂಬೆಗಳನ್ನು ಹುಟ್ಟುಹಾಕಿದ ಜಿಮ್ ಹೆನ್ಸನ್ ಅವರನ್ನು ಕೇಳಿದರು, ಅವರು ಫ್ರ್ಯಾಂಕ್ ಓಝ್ ಕಡೆ ಕೈ ತೋರಿಸಿದರು. ಸೆಸಮಿ ಸ್ಟ್ರೀಟ್‌ನ ಕುಕೀ ಮಾನ್ಸ್‌ಟರ್, ಗ್ರೋವರ್, ಬರ್ಟ್ ಮೂವರನ್ನೂ ಆಡಿಸಿದ್ದ, ಮಿಸ್ ಪಿಗ್ಗಿಗೂ ದನಿ ಕೊಟ್ಟಿದ್ದ ಅದೇ ಓಝ್. ಒಮ್ಮೆ ಇದು ಗೊತ್ತಾದ ಮೇಲೆ ಯೋಡಾ ಗೊಣಗುವುದು ಕೇಳಿದರೆ ಒಳಗೆಲ್ಲೋ ಗ್ರೋವರ್ ಕೇಳಿಸುತ್ತಾನೆ, ನನಗಂತೂ ಹೌದು. (ಅಂದಹಾಗೆ ಯೋಡಾ ಕ್ರಿಯಾಪದವನ್ನು ಕೊನೆಗೆ ಹಾಕುವುದು ಇಂಗ್ಲಿಷಿನವರಿಗೆ ವಿಚಿತ್ರ. ನಾವು ಕನ್ನಡದವರು ದಿನಾ ಹಾಗೇ ಮಾತಾಡುತ್ತೇವೆ, ಅಲ್ವಾ?)

ಇತ್ತೀಚಿನದು ಬೇಕಂದ್ರೆ ಸೆಸಮಿ ಸ್ಟ್ರೀಟ್‌ನವರೇ ಮಾಡಿದ 'ಸ್ಟಾರ್ ಸ್ಮೋರ್ಸ್' ಅನ್ನೋ ಅಣಕು ಹುಡುಕಿ. ಅದರಲ್ಲಿ ಕುಕೀ ಮಾನ್ಸ್‌ಟರ್ ಸ್ಟಾರ್ ವಾರ್ಸ್‌ನ ಪೈಲಟ್ ಹ್ಯಾನ್ ಸೋಲೋ ಬದಲು ಫ್ಲಾನ್ ಸೋಲೋ, ಜೊತೆಗಾರ ಒಂದು ಕುಕೀ. ಅದನ್ನು ತಿನ್ನದೆ ಇರುವುದೇ ಅವನ ದೊಡ್ಡ ಕಷ್ಟ.