ಉಳಿ, ಹತ್ತರಿ, ಬಾಚಿ: ಮರಗೆಲಸದ ಕೈ ಉಪಕರಣಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿದ್ದ ತಾತನ ಕಾಲದ ಉಳಿಗಳು ಮೊಂಡಾಗಿದ್ದವು. ವೆಲ್ಡಿಂಗ್ ಶಾಪಿನ ಗ್ರೈಂಡರಿನಲ್ಲಿ ಸಾಣೆ ಹಿಡಿಸಿದೆ. ಮೊದಲು ಚೆನ್ನಾಗಿಯೇ ಕೊರೆಯಿತು. ಈಗ ಬಾಗಿಲ ಚೌಕಟ್ಟಿಗೆ ತೂತು ಹೊಡೆಯಲು ಕೂತರೆ ನಾಲ್ಕು ಏಟಿಗೆ ಅಂಚು ಮಡಚಿಕೊಳ್ಳುತ್ತದೆ. ಹಳೆಯ ಉಕ್ಕು ಕೆಟ್ಟುಹೋಯಿತೇ?
– ಓದುಗರು, ಗುಬ್ಬಿ

ಉತ್ತರ: ಉಕ್ಕು ಕೆಟ್ಟಿಲ್ಲ, ತುದಿಯ ಹದ ಹೋಗಿದೆ. ಅಂಚಿನ ಹತ್ತಿರ ನೀಲಿ ಬಣ್ಣ ಕಾಣುತ್ತದೆಯೇ ನೋಡಿ. ಕುಲುಮೆಯಲ್ಲಿ ಉಳಿಗೆ ಹದ ಕೊಡುವವರು ಒಣಹುಲ್ಲಿನ ಬಣ್ಣ ಬಂದ ತಕ್ಷಣ ನಿಲ್ಲಿಸುತ್ತಾರೆ. ಅದು ಸುಮಾರು 220 ಡಿಗ್ರಿ ಸೆಲ್ಸಿಯಸ್. ಗ್ರೈಂಡರಿನ ಒಣ ಕಲ್ಲಿಗೆ ತೆಳು ಅಂಚು ಒತ್ತಿದರೆ ಕ್ಷಣದಲ್ಲೇ 300 ಡಿಗ್ರಿ ದಾಟಿ ನೀಲಿಯಾಗುತ್ತದೆ, ಅಷ್ಟು ಭಾಗ ಮೆತ್ತಗಾಗುತ್ತದೆ. ಎಮರಿ ಹಾಳೆಯಲ್ಲಿ ಉಜ್ಜಿ ಬಣ್ಣ ತೆಗೆದುಬಿಟ್ಟರೆ ನೋಡಲು ಸರಿಯಾಗುತ್ತದೆ, ಒಳಗಿನ ಉಕ್ಕು ಮೆತ್ತಗೇ ಉಳಿಯುತ್ತದೆ.

ನೀಲಿಯಾದ ಭಾಗವನ್ನು ಪೂರ್ತಿ ಸವೆಸಿ ತೆಗೆಯುವುದೇ ಸುಲಭದ ದಾರಿ. ಬಣ್ಣ ಮುಗಿದ ಮೇಲೂ ಒಂದು ಮಿಲಿಮೀಟರ್ ಒಳಗೆ ಹೋಗಿ. ಒರಟು ಸಾಣೆಕಲ್ಲಿನಲ್ಲಿ ಕೈಯಿಂದಲೇ ಮಾಡಿದರೆ ನಿಧಾನ, ಆದರೆ ಅಪಾಯವಿಲ್ಲ. ಗ್ರೈಂಡರೇ ಬೇಕೆಂದರೆ ಪಕ್ಕದಲ್ಲಿ ನೀರಿನ ಡಬ್ಬ ಇಡಿ, ಅಂಚಿನ ಹತ್ತಿರ ಬರಿಬೆರಳು ಇಟ್ಟು ಹಿಡಿಯಿರಿ. ಬೆರಳಿಗೆ ಬಿಸಿ ತಟ್ಟಿದ ಕೂಡಲೇ ನೀರಿಗೆ ಅದ್ದಿ. ಗ್ಲೌಸ್ ಹಾಕಿದರೆ ಬಿಸಿ ಗೊತ್ತಾಗುವುದಿಲ್ಲ. ತಿರುಗುವ ಕಲ್ಲಿನ ಹತ್ತಿರ ಗ್ಲೌಸ್ ಹಾಕುವುದೇ ಅಪಾಯ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು.

ಇನ್ನು ಕೋನ. ಕೊಡತಿಯಿಂದ ಹೊಡೆದು ತೂತು ತೆಗೆಯುವ ಉಳಿಗೆ 30ರಿಂದ 35 ಡಿಗ್ರಿ ಬೇಕು. ಕೈಯಿಂದ ಒತ್ತಿ ಕೆತ್ತುವ ಉಳಿಗೆ 25 ಸಾಕು. ಅಳೆಯಲು ಕೋನಮಾಪಕ ಬೇಕಿಲ್ಲ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಸರಿಯಾಗಿ 30 ಡಿಗ್ರಿ. 6 ಮಿ.ಮೀ. ದಪ್ಪದ ಉಳಿಗೆ 12 ಮಿ.ಮೀ. ಇಳಿಜಾರು; ಅದೇ ಉಳಿಗೆ 14 ಮಿ.ಮೀ. ಇಟ್ಟರೆ 25 ಡಿಗ್ರಿ. ನಿಮ್ಮ ಉಳಿಯನ್ನು ಶಾಪಿನಲ್ಲಿ ಇನ್ನೂ ಚೂಪು ಮಾಡಿದ್ದರೆ, ಅಂಚು ಮಡಚಲು ಅದೂ ಒಂದು ಕಾರಣ.

ಎಲ್ಲಕ್ಕಿಂತ ಹೆಚ್ಚು ಜನ ಬಿಡುವ ಕೆಲಸ ಉಳಿಯ ಬೆನ್ನು. ತುದಿಯಿಂದ ಒಂದು ಇಂಚಿನಷ್ಟು ಬೆನ್ನು ಕಲ್ಲಿನ ಮೇಲೆ ಪೂರ್ತಿ ಕೂರಬೇಕು. ಅಲ್ಲಿ ತುಕ್ಕಿನ ಗುಳಿ ಇದ್ದರೆ ಇಳಿಜಾರನ್ನು ಎಷ್ಟು ಉಜ್ಜಿದರೂ ಅಂಚು ಹಲ್ಲುಹಲ್ಲಾಗಿಯೇ ಇರುತ್ತದೆ. ಮೊದಲು ಬೆನ್ನು ಸಪಾಟು ಮಾಡಿ. ಆಮೇಲೆ ಇಳಿಜಾರನ್ನು ಒರಟು ಕಲ್ಲಿಗೆ ಹಿಡಿದು, ಬೆನ್ನಿನ ಕಡೆ ಬೆರಳಿಟ್ಟು ಅಂಚಿನ ಹೊರಕ್ಕೆ ಸವರಿದಾಗ ತೆಳುವಾದ ಮುಳ್ಳು ತಾಗುವವರೆಗೂ ಉಜ್ಜಿ. ಮುಳ್ಳು ಈ ಮೂಲೆಯಿಂದ ಆ ಮೂಲೆಯವರೆಗೆ ಬರಬೇಕು. ನಂತರ ನಯ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಮುಳ್ಳನ್ನು ಹಾಗೇ ಬಿಟ್ಟರೆ ಮೊದಲ ಏಟಿಗೇ ಮುರಿದು ಅಂಚನ್ನೂ ಕೀಳುತ್ತದೆ. ಸಿಲ್ವರ್ ಓಕಿನಂಥ ಮೆದು ಮರದ ತುಂಡಿನ ಅಡ್ಡಕಡಿತದ ತುದಿಯನ್ನು ಕೆತ್ತಿ ನೋಡಿ: ಎಳೆ ಪುಡಿಯಾಗದೆ ಹೊಳಪು ಬಂದರೆ ಉಳಿ ತಯಾರು.

ಸಾಣೆಕಲ್ಲು ನಡುವೆ ಗುಂಡಿ ಬಿದ್ದಿದ್ದರೆ ಇದ್ಯಾವುದೂ ಆಗುವುದಿಲ್ಲ. ದಪ್ಪ ಗಾಜಿನ ಮೇಲೆ 100 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಕಲ್ಲನ್ನು ಉಜ್ಜಿ ಮಟ್ಟ ಮಾಡಿಕೊಳ್ಳಿ.

ಪ್ರಶ್ನೆ: ಚೇಳೂರು ಕಡೆಯ ಹಲಸಿನ ಹಲಗೆಗೆ ಹತ್ತರಿ ಹೊಡೆದರೆ ಅಲ್ಲಲ್ಲಿ ಸಿಬಿರು ಕಿತ್ತು ಬರುತ್ತದೆ. ತಿರುಗಿಸಿ ಹೊಡೆದರೆ ಬೇರೆ ಕಡೆ ಕೀಳುತ್ತದೆ. ತೇಗಕ್ಕೆ ಇದೇ ಹತ್ತರಿ ಚೆನ್ನಾಗಿ ಓಡುತ್ತದೆ.
– ಓದುಗರು, ತುಮಕೂರು

ಉತ್ತರ: ಹಲಸಿನಲ್ಲಿ ಎಳೆ ಒಂದು ಪಟ್ಟಿ ಈ ಕಡೆ, ಪಕ್ಕದ ಪಟ್ಟಿ ಆ ಕಡೆ ವಾಲಿಕೊಂಡು ಹೆಣೆದಿರುವುದುಂಟು. ಅಂಥ ಹಲಗೆಗೆ ಸರಿಯಾದ ದಿಕ್ಕು ಅನ್ನುವುದೇ ಇಲ್ಲ. ಹತ್ತರಿಯನ್ನೇ ಅದಕ್ಕೆ ಹೊಂದಿಸಬೇಕು.

ಅಲಗಿನ ಮೇಲೆ ಕೂರುವ ಕ್ಯಾಪನ್ನು ಅಂಚಿಗೆ ಅರ್ಧ ಮಿಲಿಮೀಟರ್ ಹತ್ತಿರಕ್ಕೆ ತನ್ನಿ. ಬರೆಯುವ ಕಾಗದದ ಐದು ಹಾಳೆಯಷ್ಟು. ತೇಗಕ್ಕೆ ಒಂದೂವರೆ ಮಿಲಿಮೀಟರ್ ಇದ್ದರೂ ನಡೆಯುತ್ತದೆ, ಹಲಸಿಗೆ ನಡೆಯುವುದಿಲ್ಲ. ಸುರುಳಿ ಎದ್ದ ಕೂಡಲೇ ಕ್ಯಾಪ್ ಅದನ್ನು ಮುರಿಯಬೇಕು, ಇಲ್ಲದಿದ್ದರೆ ಸುರುಳಿ ತನ್ನ ಮುಂದಿನ ಎಳೆಯನ್ನು ಎತ್ತಿಕೊಂಡೇ ಬರುತ್ತದೆ. ಕ್ಯಾಪ್ ಮತ್ತು ಅಲಗನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಹೊಟ್ಟು ಅಲ್ಲಿಗೇ ತೂರಿ ಕಟ್ಟಿಕೊಳ್ಳುತ್ತದೆ. ಕ್ಯಾಪಿನ ಅಂಚನ್ನು ಕಲ್ಲಿಗೆ ಉಜ್ಜಿ ಕೂರಿಸಿ.

ಅಲಗು ತೀರಾ ಕಡಿಮೆ ಇಳಿದಿರಲಿ. ಮರದ ಹತ್ತರಿಯಾದರೆ ಹಿಂಬದಿಗೆ ಕೊಡತಿಯಿಂದ ತಟ್ಟಿದರೆ ಅಲಗು ಮೇಲೇರುತ್ತದೆ, ಅಲಗಿನ ತಲೆಗೆ ಮೆಲ್ಲಗೆ ತಟ್ಟಿದರೆ ಇಳಿಯುತ್ತದೆ. ಪ್ರತಿ ಸಲವೂ ಬೆಣೆಯನ್ನು ಮತ್ತೆ ಬಿಗಿ ಮಾಡಿ. ಹಳೆಯ ಹತ್ತರಿಯ ತಳ ಸವೆದು ಬಾಯಿ ಅಗಲವಾಗಿದ್ದರೆ, ಬಾಯಿಯ ಮುಂದೆ ಗಟ್ಟಿ ಮರದ ತುಂಡು ಕೂರಿಸಿ ಒಂದು ಮಿಲಿಮೀಟರಿಗೆ ಇಳಿಸಿ. ತಳ ಮಟ್ಟ ಮಾಡುವಾಗ ಅಲಗನ್ನು ಒಳಗೆಳೆದು, ಬೆಣೆ ಬಿಗಿದೇ ಉಜ್ಜಬೇಕು. ಬೆಣೆಯ ಒತ್ತಡಕ್ಕೆ ತಳ ಸ್ವಲ್ಪ ಬಾಗುತ್ತದೆ, ಕೆಲಸ ಮಾಡುವುದೂ ಆ ಸ್ಥಿತಿಯಲ್ಲೇ.

ಇಷ್ಟಾದರೂ ಒಂದೆರಡು ಕಡೆ ಕಿತ್ತರೆ ಅಲ್ಲಿ ಹತ್ತರಿ ಬಿಡಿ. ಮುರಿದ ಗರಗಸದ ಅಲಗಿನಿಂದ ಅಂಗೈಯಗಲ ತುಂಡು ಕತ್ತರಿಸಿ, ಅಂಚನ್ನು ಅರದಿಂದ ನೇರ ಮಾಡಿ, ಸ್ಕ್ರೂಡ್ರೈವರಿನ ಸರಳಿನಿಂದ ಒತ್ತಿ ಎಳೆದು ಅಂಚು ಮಗುಚಿಸಿ. ಅದರಲ್ಲಿ ಹೆರೆದರೆ ಹಲಸು ನುಣುಪಾಗುತ್ತದೆ. ಪುಡಿಯೇ ಬಂದು ಸುರುಳಿ ಬರದಿದ್ದರೆ ಅಂಚು ಮತ್ತೆ ಮಗುಚಬೇಕು.

ಪ್ರಶ್ನೆ: ಬೇಸಿಗೆ ಬಂತೆಂದರೆ ಬಾಚಿಯ ಕಾವು ಸಡಿಲ. ರಾತ್ರಿ ನೀರಿನಲ್ಲಿಟ್ಟರೆ ಬಿಗಿಯಾಗುತ್ತದೆ, ವಾರದಲ್ಲಿ ಮತ್ತೆ ಅಲ್ಲಾಡುತ್ತದೆ.
– ಓದುಗರು, ಚಿಂತಾಮಣಿ

ಉತ್ತರ: ನೀರಿನಲ್ಲಿ ಇಡಬೇಡಿ. ಉಬ್ಬಿದ ಮರಕ್ಕೆ ಕಬ್ಬಿಣದ ಕಣ್ಣಿನೊಳಗೆ (ಕಾವು ಕೂರುವ ತೂತಿನೊಳಗೆ) ಜಾಗವಿಲ್ಲದೆ ಎಳೆಗಳು ಜಜ್ಜಿಹೋಗುತ್ತವೆ; ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಬಾಚಿ ಹಾರಿ ಬಂದರೆ ಕಾಲಿಗೇ ಬೀಳುತ್ತದೆ.

ಹಸಿ ಮರದ ಕಾವು ಹಾಕಿದ್ದೇ ಮೂಲ ತಪ್ಪು. ಕರಿಜಾಲಿ ಅಥವಾ ದಿಂಡಿಗದ ನೇರ ಎಳೆಯ ತುಂಡನ್ನು ನೆರಳಲ್ಲಿ ಒಣಗಿಸಿ, ಎರಡೂ ತುದಿಗೆ ಬಣ್ಣ ಅಥವಾ ಮೇಣ ಬಳಿದು. ಇಲ್ಲವಾದರೆ ತುದಿ ಸೀಳುತ್ತದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಲೆಕ್ಕ. ಕಾವಿನ ತುದಿಯಲ್ಲಿ ಕಣ್ಣಿನ ಆಳದ ಮೂರನೇ ಎರಡರಷ್ಟು ಸೀಳು ಕೊಯ್ದು, ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಿರಿ.

ಪ್ರಶ್ನೆ: ಗೆರೆ ಹಿಡಿದು ಕೊಯ್ದರೂ ಗರಗಸ ಯಾವಾಗಲೂ ಬಲಕ್ಕೇ ಸರಿಯುತ್ತದೆ.
– ಓದುಗರು, ಮಾಲೂರು

ಉತ್ತರ: ಬಲಗಡೆಯ ಹಲ್ಲುಗಳ ಓರೆ, ಅಂದರೆ ಹೊರಕ್ಕೆ ಬಾಗಿರುವುದು, ಹೆಚ್ಚಾಗಿದೆ. ಗರಗಸವನ್ನು ಮಲಗಿಸಿ, ಬಲಬದಿಯ ಹಲ್ಲಿನ ಮೇಲೆ ನಯ ಸಾಣೆಕಲ್ಲನ್ನು ಚಪ್ಪಟೆಯಾಗಿಟ್ಟು ಉದ್ದಕ್ಕೂ ಒಂದೇ ಸಲ ಎಳೆಯಿರಿ, ಕೊಯ್ದು ನೋಡಿ, ಬೇಕಾದರೆ ಇನ್ನೊಂದು ಸಲ. ಹಸಿ ಮಾವಿನ ಮರಕ್ಕೆ ಓರೆ ಹೆಚ್ಚು ಬೇಕು, ಒಣ ತೇಗಕ್ಕೆ ಕಡಿಮೆ. ಹೇಗಿದ್ದರೂ ಕೊಯ್ದ ಸೀಳು ಅಲಗಿನ ದಪ್ಪದ ಒಂದೂವರೆಯಷ್ಟನ್ನು ಮೀರಬಾರದು. ಓರೆ ಮಾಡುವಾಗ ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗಿಸಿ. ಬುಡದಿಂದ ಬಾಗಿಸಿದರೆ ಹಲ್ಲು ಮುರಿಯುತ್ತದೆ.

ಪ್ರಶ್ನೆ: ಉಪಕರಣಗಳಿಗೆ ಮನೆಯ ಯಾವ ಎಣ್ಣೆ ಹಚ್ಚಬಹುದು?
– ಓದುಗರು, ತಿಪಟೂರು

ಉತ್ತರ: ಕಬ್ಬಿಣಕ್ಕೆ ನಿಮ್ಮೂರ ಕೊಬ್ಬರಿ ಎಣ್ಣೆಯೇ ಒಳ್ಳೆಯದು, ಅದು ಗಾಳಿಗೆ ಅಂಟಾಗುವುದಿಲ್ಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ಕೆಲವು ತಿಂಗಳಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತವೆ. ಹಿಡಿ, ಕಾವುಗಳಿಗೆ ಒಣಗಿ ಗಟ್ಟಿಯಾಗುವ ಅಗಸೆ ಎಣ್ಣೆ ಹಚ್ಚಿ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.