ಗಾಳಿ ನೋಡಿ ದಾರಿ, ತಳ ನೋಡಿ ಲಂಗರು

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಜುಲೈನಲ್ಲಿ ಗ್ರೀಸ್‌ಗೆ ಹೋಗಿ, ಹಾಯಿದೋಣಿ ಬಾಡಿಗೆಗೆ ಹಿಡಿದು ವಾರಪೂರ್ತಿ ದ್ವೀಪ ಸುತ್ತಬೇಕೆಂದಿದ್ದೇವೆ. ಒಂದು ದಿನ ಟರ್ಕಿ ದಡವನ್ನೂ ಮುಟ್ಟಿ ಬರುವ ಆಸೆ. ಆನೆಗುಂದಿಯಲ್ಲಿ ಹರಿಗೋಲು ಹಾಕಿ ಗೊತ್ತು. ಲೈಸೆನ್ಸ್ ಬೇಕೇ?
– ಓದುಗರು, ಗಂಗಾವತಿ

ಉತ್ತರ: ಬೇಕು. ದೋಣಿಯನ್ನು ನೀವೇ ನಡೆಸುವುದಾದರೆ ಪ್ರಮಾಣಪತ್ರ ಇರುವ ಒಬ್ಬರು, ಜೊತೆಗೆ ಅನುಭವವಿರುವ ಇನ್ನೊಬ್ಬರು ಇರಲೇಬೇಕು. ಹರಿಗೋಲು ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ನಲವತ್ತಡಿ ಹಾಯಿದೋಣಿಯ ಅಡಿಭಾಗ ನೀರೊಳಗೆ ಸುಮಾರು 2 ಮೀಟರ್ ಇಳಿದಿರುತ್ತದೆ. ಮೊದಲ ಸಲ ಅಲ್ಲಿನ ನಾವಿಕರೊಬ್ಬರನ್ನು ಕರೆದುಕೊಳ್ಳಿ. ಅವರ ಊಟ, ಮಲಗುವ ಕೋಣೆ ನಿಮ್ಮ ಲೆಕ್ಕಕ್ಕೆ. ಹಾಗಾಗಿ ನಾಲ್ಕು ಕೋಣೆಯ ದೋಣಿಯನ್ನೇ ಕೇಳಿ.

ಲೈಸೆನ್ಸಿಗಿಂತ ಮೊದಲು ಯೋಚಿಸಬೇಕಾದದ್ದು ಗಾಳಿ. ಜುಲೈ, ಆಗಸ್ಟ್‌ನಲ್ಲಿ ಗ್ರೀಸಿನ ಪೂರ್ವಕ್ಕಿರುವ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಗಾಳಿ ಮಾತ್ರ ಗಂಟೆಗೆ 50 ಕಿ.ಮೀ. ಮೀರಿ ದಿನಗಟ್ಟಲೆ ನಿಲ್ಲುವುದಿಲ್ಲ. ಅಥೆನ್ಸ್‌ನಿಂದ ಹೊರಟವರು ಗಾಳಿ ಬೆನ್ನಿಗಿದೆ ಎಂದು ಖುಷಿಯಾಗಿ ದಕ್ಷಿಣಕ್ಕೆ ಇಳಿದುಬಿಡುತ್ತಾರೆ. ಶನಿವಾರ ದೋಣಿ ಒಪ್ಪಿಸಲು ಅದೇ ಗಾಳಿಗೆ ಎದೆಕೊಟ್ಟು ಬರಬೇಕಾದಾಗ ಪೇಚಾಡುತ್ತಾರೆ. ನೀವು ಪಶ್ಚಿಮದ ಅಯೋನಿಯನ್ ಸಮುದ್ರದ ಕಡೆಗೆ, ಲೆಫ್ಕಾಡಾ ದ್ವೀಪದಿಂದ ಹೊರಡಿ. ಅಲ್ಲಿ ಬೆಳಿಗ್ಗೆ ಸಾಮಾನ್ಯವಾಗಿ ನೀರು ಸುಮ್ಮನಿರುತ್ತದೆ. ಮಧ್ಯಾಹ್ನ ವಾಯವ್ಯದಿಂದ ಹದವಾದ ಗಾಳಿ ಏಳುತ್ತದೆ, ಸಂಜೆಗೆ ತಣಿಯುತ್ತದೆ. ಮೆಗಾನಿಸಿ, ಇಥಾಕಾ, ಕೆಫಲೋನಿಯಾದ ಫಿಸ್ಕಾರ್ಡೋ ಹತ್ತಿರ ಹತ್ತಿರದಲ್ಲಿವೆ. ದಿನಕ್ಕೆ 15–20 ನಾಟಿಕಲ್ ಮೈಲಿ ಸಾಕು. 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗದಲ್ಲಿ ಮೂರು-ನಾಲ್ಕು ತಾಸಿನ ದಾರಿ.

ಟರ್ಕಿ ಆಸೆ ಈ ಸಲ ಬಿಡಿ. ಅದು ಗ್ರೀಸಿನ ಇನ್ನೊಂದು ಮಗ್ಗುಲು, ಪೂರ್ವಕ್ಕೆ. ಒಂದೇ ಪ್ರವೇಶದ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ) ಇದ್ದವರು ಗ್ರೀಸ್ ದಾಟಿ ಅಲ್ಲಿಗೆ ಹೋದರೆ ಅದೇ ವೀಸಾದ ಮೇಲೆ ವಾಪಸ್ ಬರುವಂತಿಲ್ಲ.

ಪ್ರಶ್ನೆ: ಗ್ರೀಸಿನಲ್ಲಿ ದೋಣಿಯನ್ನು ರಿವರ್ಸ್ ತಂದು ಧಕ್ಕೆಗೆ ಕಟ್ಟುತ್ತಾರಂತೆ. ಹೇಗೆ? ತಪ್ಪುವುದೆಲ್ಲಿ?
– ಓದುಗರು, ಬಳ್ಳಾರಿ

ಉತ್ತರ: ಮೆಡಿಟರೇನಿಯನ್‌ನಲ್ಲಿ ಭರತ-ಇಳಿತ ಹೆಚ್ಚಿನ ಕಡೆ ಅಡಿಯಷ್ಟೂ ಇಲ್ಲ. ಧಕ್ಕೆಗಳು ಸಣ್ಣವು, ದೋಣಿಗಳು ಬಹಳ. ಆದ್ದರಿಂದ ಹಿಂಬದಿ ದಡಕ್ಕೆ, ಮುಂಬದಿ ಲಂಗರಿಗೆ.

ಎರಡೂ ಪಕ್ಕ, ಹಿಂದೆ ಫೆಂಡರ್ (ಗುದ್ದು ತಡೆಯುವ ಗಾಳಿ ತುಂಬಿದ ದಿಂಬು) ಇಳಿಬಿಟ್ಟು, ಹಿಂದಿನ ಎರಡು ಹಗ್ಗ ಮೊದಲೇ ಬಿಡಿಸಿಡಿ. ದೋಣಿಯ ಉದ್ದದ ಮೂರು-ನಾಲ್ಕು ಪಟ್ಟು ದೂರದಲ್ಲಿ, ಅಂದರೆ 40–50 ಮೀಟರ್ ಆಚೆ, ಲಂಗರು ಬಿಟ್ಟು ರಿವರ್ಸ್ ಬನ್ನಿ. ತೀರಾ ನಿಧಾನ ಬೇಡ: ಚುಕ್ಕಾಣಿಯ ಮೇಲೆ ನೀರು ಹರಿಯುತ್ತಿದ್ದರೆ ಮಾತ್ರ ದೋಣಿ ಮಾತು ಕೇಳುತ್ತದೆ. ವೇಗ ಸತ್ತರೆ ಗಾಳಿ ಮೂತಿಯನ್ನು ಪಕ್ಕದ ದೋಣಿಗೆ ತಳ್ಳುತ್ತದೆ. ಮುಂದೆ ನಿಂತವರು ಸರಪಳಿಯನ್ನು ಸಡಿಲವಾಗಿ ಬಿಡುತ್ತಾ ಬರಬೇಕು. ನಡುವೆ ಬಿಗಿಹಿಡಿದರೆ ಲಂಗರು ಕಿತ್ತು ಜಾರುತ್ತದೆ. ಗಾಳಿ ಬರುವ ಕಡೆಯ ಹಗ್ಗವನ್ನು ಮೊದಲು ದಡಕ್ಕೆ ಕಟ್ಟಿ. ಆಮೇಲೆ ಸರಪಳಿ ಬಿಗಿ ಮಾಡಿ.

ಹಿಡಿದಿದೆಯೋ ಇಲ್ಲವೋ ತಿಳಿಯಲು ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಡಿ. ಸುಮ್ಮನಿದ್ದರೆ ಹಿಡಿದಿದೆ. ಕಲ್ಲಿನ ಮೇಲೆ ಎತ್ತಿನ ಬಂಡಿ ಹೋದ ಹಾಗೆ ಗಡಗಡ ನಡುಗಿದರೆ ಲಂಗರು ತಳ ಗೀರುತ್ತಾ ಬರುತ್ತಿದೆ. ಎತ್ತಿ ಮತ್ತೆ ಹಾಕಿ.

ಬಯಲು ಕೊಲ್ಲಿಯಲ್ಲಿ ಆಳದ ಐದು ಪಟ್ಟು ಸರಪಳಿ ಬಿಡಿ, 5 ಮೀಟರ್ ನೀರಿಗೆ 25 ಮೀಟರ್. ನೀರಲ್ಲಿ ತಿಳಿಬಣ್ಣ ಕಂಡರೆ ಮರಳು, ಅಲ್ಲಿ ಹಾಕಿ. ಕಪ್ಪಗೆ ಕಾಣುವುದು ಹೆಚ್ಚಾಗಿ ಪೊಸಿಡೋನಿಯಾ ಹುಲ್ಲು. ಅದರ ಮೇಲೆ ಲಂಗರು ನಿಲ್ಲುವುದಿಲ್ಲ. ಮೀನು ಮರಿ ಮಾಡುವ ತಾವು ಅದು. ಒಮ್ಮೆ ಕಿತ್ತರೆ ಮತ್ತೆ ಹಬ್ಬಲು ದಶಕಗಳೇ ಬೇಕು. ದಯವಿಟ್ಟು ಅಲ್ಲಿ ಹಾಕಲೇಬೇಡಿ.

ಹೊರಡುವಾಗ ನಿಮ್ಮ ಲಂಗರು ಬೇರೆಯವರ ಸರಪಳಿ ಎತ್ತಿಕೊಂಡು ಬಂದರೆ ಗಾಬರಿ ಬೇಡ. ಆ ಸರಪಳಿಯ ಕೆಳಗೆ ಹಗ್ಗ ತೂರಿಸಿ ದೋಣಿಗೆ ಬಿಗಿಯಿರಿ, ನಿಮ್ಮ ಲಂಗರು ಸ್ವಲ್ಪ ಇಳಿಸಿ ಬಿಡಿಸಿಕೊಳ್ಳಿ, ಹಗ್ಗದ ಒಂದು ತುದಿ ಬಿಡಿ. ಕೈ ಮಾತ್ರ ಸರಪಳಿಗಳ ನಡುವೆ ಹಾಕಬೇಡಿ.

ಪ್ರಶ್ನೆ: ನಾವು ಶಾಕಾಹಾರಿಗಳು. ದೋಣಿಯಲ್ಲಿ ಅಡುಗೆ ಆದೀತೇ?
– ಓದುಗರು, ರಾಯಚೂರು

ಉತ್ತರ: ಧಾರಾಳವಾಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ಯಿರಿ. ತುಪ್ಪ, ಪೇಡೆ ಬೇಡ; ಹಾಲಿನ ಪದಾರ್ಥವನ್ನು ಭಾರತದಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಸಿಹಿನೀರು ಟ್ಯಾಂಕಿನಲ್ಲಿದ್ದಷ್ಟೇ. ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ತೊಳೆದು, ಕೊನೆಗೊಮ್ಮೆ ಸಿಹಿನೀರು ತೋರಿಸಿ. ದೋಣಿ ವಾಲುತ್ತದೆ, ಅಡುಗೆ ಮಾಡುವಾಗ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಗ್ಯಾಸಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿಂದಾದರೂ ಹೋದೀತು, ದೋಣಿಯಲ್ಲಿ ತಳಕ್ಕಿಳಿದು ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಒಲೆ ಆರಿಸಿದ ಮೇಲೆ ಪ್ರತಿ ಸಲವೂ ಸಿಲಿಂಡರಿನ ಬಾಯಲ್ಲೇ ವಾಲ್ವ್ ಬಂದ್ ಮಾಡಿ.