ಟ್ರ್ಯಾಕ್ಟರ್‌ಗೆ ಮತದಾನದ ಹಕ್ಕು

ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯ ಕ್ರೀಡಾಪುಟದಲ್ಲಿ ‘ಇಪ್ಸ್‌ವಿಚ್: ನೀವರಿಯದ ಸಂಗತಿಗಳು’ ಎಂಬ ಚೌಕಟ್ಟು ಓದಿದೆ. ಇಂಗ್ಲೆಂಡಿನ ನಾರ್ವಿಚ್ ಫುಟ್‌ಬಾಲ್ ತಂಡದ ಅಭಿಮಾನಿ ಎದುರಾಳಿ ಊರನ್ನು ಹೇಗೆ ಹಂಗಿಸಬಹುದೆಂಬ ತಮಾಷೆ ಇದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಏಳನೇ ತರಗತಿಯ ನನ್ನ ಮೊಮ್ಮಗಳು ಅದನ್ನು ಗಮನಿಸಲಿಲ್ಲ. ‘ಹದಿನೆಂಟು ತುಂಬಿದ ಟ್ರ್ಯಾಕ್ಟರ್‌ಗೆ ಅಲ್ಲಿ ಮತದಾನದ ಹಕ್ಕಿದೆ’ ಎಂದು ಶಾಲೆಯಲ್ಲಿ ಹೇಳಿ ನಗೆಪಾಟಲಾಗಿ ಬಂದಳು. ನಾವು ಕಣ್ಣಲ್ಲೂ ಕಾಣದ ಊರಿನ ಮೇಲೆ ಸುಳ್ಳು ಕಟ್ಟುವುದು ಪತ್ರಿಕೆಗೆ ತಕ್ಕ ಕೆಲಸವೇ? ಸುಳ್ಳು ಸುದ್ದಿಯ ಈ ಕಾಲದಲ್ಲಿ ನೀವೂ ಕೈಜೋಡಿಸಬೇಕೇ?
– ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು

ಮೇಷ್ಟ್ರೇ, ನಮಸ್ಕಾರ.

ತಪ್ಪೊಪ್ಪಿಗೆ ಮೊದಲು ಆಗಿಬಿಡಲಿ. ಆ ಸಣ್ಣ ಅಕ್ಷರ ತೀರಾ ಸಣ್ಣದಾಯಿತು. ಮಕ್ಕಳೂ ಓದುವ ಪುಟವದು. ಇನ್ನು ಮುಂದೆ ‘ಕಟ್ಟುಕತೆ’ ಎಂಬ ಪದ ತಲೆಬರಹದಲ್ಲೇ ಇರುತ್ತದೆ. ಮೊಮ್ಮಗಳು ತರಗತಿಯಲ್ಲಿ ಮುಖ ಸಣ್ಣದು ಮಾಡಿಕೊಂಡಳೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ನಿಮ್ಮ ಪಾಲಿನ ನ್ಯಾಯ ಇಷ್ಟು. ಉಳಿದದ್ದರಲ್ಲಿ ನಾನು ಆ ಟ್ರ್ಯಾಕ್ಟರಿನ ಪಕ್ಷ, ಯಾಕೆಂದು ವಿವರವಾಗಿಯೇ ಹೇಳುತ್ತೇನೆ. ಇಂಥದೊಂದು ಪತ್ರಕ್ಕೆ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೆ.

ನೀವು ಕನ್ನಡ ಮೇಷ್ಟ್ರು. ಅತಿಶಯೋಕ್ತಿ ಅಲಂಕಾರವನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೀರೋ ಲೆಕ್ಕವಿರಲಾರದು. ಪದ್ಯದಲ್ಲಿ ಅರಮನೆಯ ಗೋಪುರ ಚಂದ್ರನಿಗೆ ತಾಗಿತು ಎಂದರೆ ಯಾವ ಮಗುವೂ ಏಣಿ ತರಲು ಹೋಗುವುದಿಲ್ಲ. ನಿಂದಾಸ್ತುತಿಯನ್ನೂ ಕಲಿಸಿದ್ದೀರಿ. ದಾಸರು ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಬೈದರು. ಬೈಗುಳದ ಒಂದೊಂದು ಮಾತಿನಲ್ಲೂ ಆ ದೇವರ ಕತೆ, ನಡೆ, ನುಡಿ ಎಲ್ಲ ಬಾಯಿಪಾಠವಾಗಿದ್ದವರ ಸಲುಗೆ ಕಾಣುತ್ತದೆ. ಬೈಯಲಿಕ್ಕೂ ಬಲ್ಲವನಾಗಿರಬೇಕು. ಎದುರಾಳಿ ಊರಿನ ಮೇಲೆ ಸೊಗಸಾದ ಸುಳ್ಳು ಕಟ್ಟುವವನು ಆ ಊರನ್ನು ಅದರ ಅಭಿಮಾನಿಗಿಂತ ಒಂದು ಹಿಡಿ ಹೆಚ್ಚೇ ತಿಳಿದಿರುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ.

ನಿಮಗೆ ಸಿಟ್ಟು ತರಿಸಿದ ಆ ಟ್ರ್ಯಾಕ್ಟರನ್ನೇ ತೆಗೆದುಕೊಳ್ಳಿ. ಅದು ಆಕಾಶದಿಂದ ಉದುರಿದ್ದಲ್ಲ. ಇಪ್ಸ್‌ವಿಚ್ ಇರುವ ಸಫೋಕ್ ಬೇಸಾಯದ ನಾಡು. 1789ರಲ್ಲಿ ರಾಬರ್ಟ್ ರಾನ್ಸಮ್ ಎಂಬಾತ ಆ ಊರಿಗೆ ಬಂದು ಎರಕದ ಕಾರ್ಖಾನೆ ಶುರುಮಾಡಿದ. 1803ರಲ್ಲಿ ಅವನು ಪೇಟೆಂಟ್ ಪಡೆದ ನೇಗಿಲ ಗುಳದ ಗುಟ್ಟನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಎರಕ ಹೊಯ್ಯುವಾಗ ಗುಳದ ಅಡಿಭಾಗವನ್ನು ಬೇಗ ತಣಿಸುತ್ತಿದ್ದ, ಅದು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಮೇಲ್ಭಾಗ ನಿಧಾನಕ್ಕೆ ಆರಿ ಮೆತ್ತಗುಳಿಯುತ್ತಿತ್ತು. ಉಳುತ್ತ ಹೋದಂತೆ ಮೇಲಿನ ಮೆತ್ತನೆಯ ಕಬ್ಬಿಣ ಸವೆಯುತ್ತದೆ, ಅಡಿಯ ಗಟ್ಟಿ ಅಂಚು ಮೊನಚಾಗಿಯೇ ನಿಲ್ಲುತ್ತದೆ. ನೆಲವನ್ನು ಸೀಳುವ ಕೆಲಸವೇ ಗುಳವನ್ನು ಮಸೆಯುತ್ತದೆ! ಅದೇ ಕಾರ್ಖಾನೆ ಮುಂದೆ ಹುಲ್ಲು ಕತ್ತರಿಸುವ ಯಂತ್ರ ಮಾಡಿತು, 20ನೇ ಶತಮಾನದಲ್ಲಿ ಪುಟ್ಟ ಟ್ರ್ಯಾಕ್ಟರ್‌ಗಳನ್ನೂ ಮಾಡಿತು. ಇಂಥ ಊರಲ್ಲಿ ಟ್ರ್ಯಾಕ್ಟರ್ ಮತ ಹಾಕುತ್ತದೆ ಎಂದವನು ಆ ಊರಿನ ಇನ್ನೂರು ವರ್ಷದ ಚರಿತ್ರೆಯನ್ನು ಒಂದು ಸಾಲಿನ ನಗೆಯಲ್ಲಿ ಹಿಡಿದಿಟ್ಟ.

ಚೌಕಟ್ಟಿನಲ್ಲಿ ಇನ್ನೊಂದು ಸಾಲಿತ್ತು, ನೀವು ಅದನ್ನು ಎತ್ತಿಕೊಂಡಿಲ್ಲ: ‘ಇಪ್ಸ್‌ವಿಚ್‌ನ ಕ್ಯಾಲೆಂಡರಿನಲ್ಲಿ 1978ರ ಮೇ 6 ಆದಮೇಲೆ ಮಾರನೆಯ ದಿನವೂ ಮೇ 6.’ ಆ ದಿನ ಇಪ್ಸ್‌ವಿಚ್ ತಂಡ ವೆಂಬ್ಲಿಯಲ್ಲಿ ಆರ್ಸೆನಲ್ ತಂಡವನ್ನು 1–0ಯಿಂದ ಸೋಲಿಸಿ ಇಂಗ್ಲೆಂಡಿನ ದೊಡ್ಡ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತು. ಗೆಲ್ಲುವ ಕುದುರೆ ಆರ್ಸೆನಲ್ ಎಂದೇ ಎಲ್ಲರ ಲೆಕ್ಕವಾಗಿತ್ತು. ಗೋಲು ಹೊಡೆದವನು ರೋಜರ್ ಓಸ್ಬೋರ್ನ್, ಸಫೋಕಿನದೇ ಹುಡುಗ. ಗೋಲು ಹೊಡೆದ ಮೇಲೆ ಜೊತೆಗಾರರೆಲ್ಲ ಮೈಮೇಲೆ ಬಿದ್ದು ತಬ್ಬಿಕೊಂಡರು. ಬಿಸಿಲು, ದಣಿವು, ಸಂಭ್ರಮ ಎಲ್ಲ ಒಟ್ಟಿಗೇ ಏರಿ ಅವನಿಗೆ ನಿಲ್ಲಲಾಗಲಿಲ್ಲ. ಗೆಲುವಿನ ಗೋಲು ಹೊಡೆದವನನ್ನೇ ಹೊರಗೆ ಕರೆದು ಬೇರೆಯವನನ್ನು ಇಳಿಸಬೇಕಾಯಿತು. ಇಂಥ ದಿನವನ್ನು ಊರು ಮರೆತೀತೇ? ಎದುರಾಳಿಗೆ ಆ ಹೆಮ್ಮೆಯ ಬೆಲೆ ಗೊತ್ತು, ಆದ್ದರಿಂದಲೇ ಅಲ್ಲಿಗೇ ಚಿವುಟುತ್ತಾನೆ. ಇಪ್ಸ್‌ವಿಚ್ 1981ರಲ್ಲಿ ಯೂರೋಪಿನ ತಂಡಗಳು ಸೆಣಸುವ ಯುಇಎಫ್‌ಎ ಕಪ್ಪನ್ನೂ ಗೆದ್ದಿದೆ. ಅದನ್ನು ಜಾಣತನದಿಂದ ನುಂಗಿಕೊಂಡಿರುವುದೇ ಈ ಸಾಲಿನ ಕಸುಬು. ಓದಿದ ಇಪ್ಸ್‌ವಿಚ್ ಅಭಿಮಾನಿ ‘ಏಯ್, 81 ಎಲ್ಲಿ ಹೋಯ್ತು?’ ಎಂದು ಎದ್ದು ನಿಲ್ಲಬೇಕು, ಮಾತು ಬೆಳೆಯಬೇಕು.

ಮೂರನೆಯದು ನದಿಯದು. ‘ಓರ್ವೆಲ್ ನದಿ ಆಗ್ನೇಯಕ್ಕೆ ಹರಿಯುವುದು ಉತ್ತರದ ನಾರ್ವಿಚ್‌ಗೆ ಮುಖ ತೋರಿಸಲಾಗದೆ.’ ನದಿ ನಿಜಕ್ಕೂ ಆಗ್ನೇಯಕ್ಕೇ ಹರಿಯುತ್ತದೆ, ನಾರ್ವಿಚ್ ಉತ್ತರಕ್ಕೇ ಇದೆ. ಸುಳ್ಳು ಹೇಳುವವನು ಭೂಪಟ ತೆರೆದು ನೋಡಿದ್ದಾನೆ, ಮೇಷ್ಟ್ರೇ! ನಿಮ್ಮ ಮೊಮ್ಮಗಳೂ ಆ ಒಂದು ಸಾಲಿಗಾಗಿ ಭೂಪಟ ತೆರೆದರೆ ನನಗೆ ಇನ್ನೇನು ಬೇಕು?

ಹೀಗೆ ಹಂಗಿಸಿಕೊಂಡ ಊರು ಮುದುಡಿ ಕೂತಿತೇ ಎಂದು ನೀವು ಕೇಳಬಹುದು. ಸುಮಾರು 25 ವರ್ಷದ ಹಿಂದೆ ಎದುರು ತಂಡಗಳ ಬೆಂಬಲಿಗರು ಇಪ್ಸ್‌ವಿಚ್‌ನವರನ್ನು ‘ಟ್ರ್ಯಾಕ್ಟರ್ ಹುಡುಗರು’ ಎಂದು ಛೇಡಿಸುತ್ತಿದ್ದರು. ಹಳ್ಳಿಗುಗ್ಗುಗಳು ಎಂದು ಅರ್ಥ. 2000–01ರಲ್ಲಿ ಆ ತಂಡ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಆಗತಾನೆ ಏರಿ ಬಂದು, ದೊಡ್ಡ ದೊಡ್ಡ ನಗರಗಳ ತಂಡಗಳನ್ನು ಹಿಂದೆ ಹಾಕಿ ಐದನೇ ಸ್ಥಾನ ಹಿಡಿಯಿತು. ಗೋಲು ಬಿದ್ದಾಗಲೆಲ್ಲ ಇಪ್ಸ್‌ವಿಚ್‌ನವರೇ ಗಂಟಲು ಬಿಚ್ಚಿ ‘ಒಂದು–ಸೊನ್ನೆ, ಟ್ರ್ಯಾಕ್ಟರ್ ಹುಡುಗರಿಗೆ’ ಎಂದು ಕೂಗತೊಡಗಿದರು. ಎಸೆದ ಕಲ್ಲನ್ನೇ ಹಿಡಿದು ಪಾಯಕ್ಕೆ ಹಾಕಿಕೊಂಡರು.

ಹಾರ್ಟಲ್‌ಪೂಲ್ ಇನ್ನೂ ಒಂದು ಹೆಜ್ಜೆ ಮುಂದೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಆ ಊರಿನ ಮೇಲೆ ಹಳೆಯ ಕಟ್ಟುಕತೆಯೊಂದಿದೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಫ್ರೆಂಚ್ ಹಡಗೊಂದು ಅಲ್ಲಿ ಒಡೆಯಿತಂತೆ, ಸೈನಿಕನ ಉಡುಪು ತೊಟ್ಟ ಮಂಗವೊಂದೇ ಬದುಕಿ ದಡ ಸೇರಿತಂತೆ. ಫ್ರೆಂಚರನ್ನು ಎಂದೂ ಕಂಡಿರದ ಊರವರು ಅದನ್ನೇ ಗೂಢಚಾರನೆಂದು ವಿಚಾರಣೆ ಮಾಡಿ ನೇಣಿಗೇರಿಸಿದರಂತೆ. ಅಕ್ಕಪಕ್ಕದ ಊರುಗಳು ಇವರಿಗೆ ‘ಮಂಗನನ್ನು ನೇಣಿಗೆ ಹಾಕಿದವರು’ ಎಂಬ ಹೆಸರನ್ನು ಖಾಯಂ ಮಾಡಿದವು. ಊರೇನು ಮಾಡಿತು ಗೊತ್ತೇ? ಫುಟ್‌ಬಾಲ್ ತಂಡದ ಮುದ್ದುಗೊಂಬೆಯಾಗಿ ಮಂಗವನ್ನೇ ಆರಿಸಿಕೊಂಡಿತು, ಅದಕ್ಕೆ ‘ಹ್ಯಾಂಗಸ್’ ಎಂದು ಹೆಸರಿಟ್ಟಿತು. ಇಂಗ್ಲಿಷಿನಲ್ಲಿ ‘ಹ್ಯಾಂಗ್ ಅಸ್’ ಎಂದು ಬಿಡಿಸಿ ಓದಿದರೆ ‘ನಮ್ಮನ್ನೂ ನೇಣಿಗೇರಿಸಿ’ ಎಂಬ ಶ್ಲೇಷೆ ಅದರೊಳಗಿದೆ. 2002ರಲ್ಲಿ ಆ ಮಂಗನ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್ ಮೇಯರ್ ಚುನಾವಣೆಗೆ ನಿಂತರು. ಶಾಲಾಮಕ್ಕಳಿಗೆ ಉಚಿತ ಬಾಳೆಹಣ್ಣು ಎಂಬುದು ಅವರ ಭರವಸೆ. ಗೆದ್ದರು! 2005ರಲ್ಲಿ ಗೆದ್ದರು, 2009ರಲ್ಲೂ ಗೆದ್ದರು. ವೇಷ ಕಳಚಿಟ್ಟು ಹತ್ತು ವರ್ಷಕ್ಕೂ ಹೆಚ್ಚು ಕಾಲ ಊರಿನ ಆಡಳಿತ ನಡೆಸಿದರು. ಅಕ್ಕಪಕ್ಕದವರು ಕೊಟ್ಟ ಅಡ್ಡಹೆಸರು ಇಷ್ಟು ದೂರ ನಡೆದು ಬಂದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಇಟಲಿಯ ಪೀಸಾ ಮತ್ತು ಲಿವೋರ್ನೊ ಊರುಗಳಿಗೆ ಬಂದರಂತೂ ನನ್ನ ಪೆನ್ನು ನಿಲ್ಲುವುದಿಲ್ಲ. ನಡುವೆ ಇರುವುದು ಸುಮಾರು 20 ಕಿಲೋಮೀಟರ್. ‘ಬಾಗಿಲಲ್ಲಿ ಪೀಸಾದವನು ನಿಲ್ಲುವುದಕ್ಕಿಂತ ಮನೆಯಲ್ಲಿ ಹೆಣ ಇರುವುದು ಮೇಲು’ ಎಂಬುದು ಪೀಸಾದ ನೆರೆಯವರ ಹಳೆಯ ಗಾದೆ. ಪೀಸಾದವರ ಉತ್ತರ ಚುಟುಕು: ‘ದೇವರು ನಿನ್ನ ಆಸೆ ಈಡೇರಿಸಲಿ.’ ಆಹಾ! ಒಂದು ಬೈಗುಳ, ಅದಕ್ಕೊಂದು ಹಾರೈಕೆ. ಲಿವೋರ್ನೊದಲ್ಲಿ ‘ಇಲ್ ವೆರ್ನಾಕೊಲಿಯೆರೆ’ ಎಂಬ ವಿಡಂಬನೆಯ ಪತ್ರಿಕೆ ಹೊರಬರುತ್ತಿತ್ತು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದು ವಿಕಿರಣದ ಮೋಡ ಯೂರೋಪಿನ ಮೇಲೆ ಹರಡಿದಾಗ ಜನ ಹಾಲು ಕುಡಿಯಲು, ಸೊಪ್ಪು ತಿನ್ನಲು ಹೆದರುತ್ತಿದ್ದರು. ಆಗ ಆ ಪತ್ರಿಕೆ ಕೊಟ್ಟ ತಲೆಬರಹದ ತಾತ್ಪರ್ಯ ಹೀಗೆ: ವಿಕಿರಣದ ಭೀಕರ ಪರಿಣಾಮಗಳು ಶುರುವಾಗಿವೆ, ಜಾಣ ಪೀಸಾದವನೊಬ್ಬ ಹುಟ್ಟಿದ್ದಾನೆ! ಹೆದರಿ ಕೂತ ಜನರ ಎದೆಯನ್ನು ಒಂದು ಸಾಲು ಹಗುರ ಮಾಡಿತು. ಆ ಸಾಲು ಇವತ್ತಿಗೂ ಇಟಲಿಯಲ್ಲಿ ಜನರ ನೆನಪಿನಲ್ಲಿದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಸುಳ್ಳು ಸುದ್ದಿಯದು. ನಾನು ಈ ವೃತ್ತಿಗೆ ಹೊಸದಾಗಿ ಬಂದಾಗ ಒಂದು ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿದ್ದೆ. ಒಂದು ಕ್ರೀಡಾಂಗಣದ ಆಸನಗಳ ಸಂಖ್ಯೆಗೆ ಸೊನ್ನೆಯೊಂದು ಹೆಚ್ಚಾಗಿ ಸೇರಿತು. ನಾನೂ ನೋಡಲಿಲ್ಲ, ಕರಡು ತಿದ್ದುವವರೂ ನೋಡಲಿಲ್ಲ. ಅಚ್ಚಾಗಿ ಮನೆಮನೆಗೆ ಹೋಯಿತು. ಒಂದು ಊರಿನ ಜನವನ್ನೆಲ್ಲ ಕೂರಿಸಿದರೂ ತುಂಬದ ಕ್ರೀಡಾಂಗಣ! ಒಂದೇ ಒಂದು ಪತ್ರ ಬರಲಿಲ್ಲ, ಮೇಷ್ಟ್ರೇ. ಅಂಕಿ ಗಂಭೀರವಾದ ಅಂಗಿ ತೊಟ್ಟಿತ್ತು, ಎಲ್ಲರೂ ದಾರಿ ಬಿಟ್ಟರು. ಟ್ರ್ಯಾಕ್ಟರ್ ಮತ ಹಾಕಿದರೆ ಮಾತ್ರ ನಿಮ್ಮಿಂದ ಎರಡು ಪುಟದ ಪತ್ರ ಬರುತ್ತದೆ. ಜನರನ್ನು ಕೆಡಿಸುವುದು ನಿಜದ ವೇಷ ಹಾಕಿ ಬರುವ ಸುಳ್ಳು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮೌತ್ ಅಭಿಮಾನಿಗಳು ನೆರೆಯೂರಾದ ಸೌತಾಂಪ್ಟನ್‌ನವರನ್ನು ಕರೆಯುವ ಒಂದು ಕೊಳಕು ಹೆಸರಿಗೆ ಇಂಥದೇ ಹಿನ್ನೆಲೆ ಕಟ್ಟಿದ್ದಾರೆ. ಬಂದರಿನಲ್ಲಿ ಮುಷ್ಕರವಾದಾಗ ಸೌತಾಂಪ್ಟನ್‌ನ ಕಾರ್ಮಿಕರು ಬಂದು ಮುಷ್ಕರ ಮುರಿದರು, ಅವರ ಸಂಘದ ಹೆಸರಿನ ಮೊದಲಕ್ಷರಗಳಿಂದ ಆ ಬೈಗುಳ ಹುಟ್ಟಿತು ಎಂಬ ಕತೆ. ಅಂಥ ಸಂಘಕ್ಕೆ ದಾಖಲೆಯ ಆಧಾರವಿಲ್ಲ. ಅದರಲ್ಲಿ ನಗೆಯಿಲ್ಲ, ಆದ್ದರಿಂದ ಯಾರೂ ಅನುಮಾನಿಸುವುದಿಲ್ಲ. ತಂದೆ ಮಗನಿಗೆ ಹೇಳುತ್ತಾನೆ, ಮಗ ಮೊಮ್ಮಗನಿಗೆ ಹೇಳುತ್ತಾನೆ.

ಗೆರೆ ಎಲ್ಲಿದೆ ಎಂಬುದೂ ನನಗೆ ಗೊತ್ತು. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರೂ ಸೇರಿ 23 ಜನ ತೀರಿಕೊಂಡರು. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿಗೆ ಲಿವರ್‌ಪೂಲ್‌ನ 97 ಅಭಿಮಾನಿಗಳು ಬಲಿಯಾದರು. ಈ ಸಾವುಗಳನ್ನು ಹಿಡಿದು ಎದುರಾಳಿಯನ್ನು ಹಂಗಿಸಿ ಹಾಡುವವರು ಇಂದಿಗೂ ಇದ್ದಾರೆ, ಅವರನ್ನು ಮೈದಾನದಿಂದ ಹೊರಗಿಡುವ ಕ್ರಮಗಳು ಬಂದಿವೆ, ಬರಲೇಬೇಕು. ಅಂಥ ಒಂದಕ್ಷರವೂ ನನ್ನ ಪತ್ರಿಕೆಯಲ್ಲಿ ಬರುವುದಿಲ್ಲ. ಹೆತ್ತವರ ಕಣ್ಣೀರಿಗೂ ಟ್ರ್ಯಾಕ್ಟರಿನ ಮತಕ್ಕೂ ನಂಟಿಲ್ಲ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ, ಇಲ್ಲಿಗೆ ಬಂದ ಮೇಲೆ ಹೇಳಿಬಿಡುತ್ತೇನೆ. ಈಗಿನ ಫುಟ್‌ಬಾಲ್ ಅಭಿಮಾನಿಗೆ ತಂಡ ಗೊತ್ತು, ಊರು ಗೊತ್ತಿಲ್ಲ. ಯಾವ ಆಟಗಾರ ಎಷ್ಟು ಕೋಟಿಗೆ ಬಿಕರಿಯಾದ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಸಂಡರ್‌ಲ್ಯಾಂಡ್ ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದ ಊರು ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಊರು ಗೊತ್ತಿಲ್ಲದವನಿಗೆ ತಮಾಷೆ ಎಲ್ಲಿಂದ ಹುಟ್ಟಬೇಕು? ಹಾಗಾಗಿ ಬರೀ ಬೈಗುಳ. ಎದುರಾಳಿಯ ತಾಯಿ, ಬಣ್ಣ, ಜಾತಿ, ಹುಟ್ಟು, ಎಲ್ಲ ಊರಿಗೂ ಒಂದೇ ಅಚ್ಚಿನ ಬೈಗುಳ. ಹೆಸರು ಬದಲಿಸಿದರೆ ಸಾಕು, ಯಾರ ಮೇಲಾದರೂ ಎಸೆಯಬಹುದು. ಪೀಸಾದವನಿಗೆಂದೇ ಅಳತೆ ತೆಗೆದು ಹೊಲಿದ ಬೈಗುಳವನ್ನು ಹೊಲಿಯುವ ದರ್ಜಿಗಳು ಕಡಿಮೆಯಾಗುತ್ತಿದ್ದಾರೆ. ನನ್ನಂಥವರ ಮೇಜಿಗೆ ದಿನವೂ ಬರುವ ಬರಹಗಳಲ್ಲಿ ಕೋಪ ಬೇಕಾದಷ್ಟಿದೆ, ವಿವರವೇ ಇಲ್ಲ. ಓದಿ ಓದಿ ಕಣ್ಣು ಬತ್ತುತ್ತಿದೆ. ಅಂಥ ಮೇಜಿನ ಮೇಲೆ ಓರ್ವೆಲ್ ನದಿಯ ಸಾಲು ಬಂದಾಗ ನಾನು ಎದ್ದು ಹೋಗಿ ಪಕ್ಕದ ಕೋಣೆಯವರಿಗೆಲ್ಲ ಓದಿ ಹೇಳಿದೆ.

ಇನ್ನು ಮೊಮ್ಮಗಳ ಮಾತು. ಅವಳು ಪತ್ರಿಕೆಯಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡು ನಾಲ್ಕು ಜನರ ಮುಂದೆ ಹೇಳಿದ್ದಾಳೆ. ಅಂಥ ಓದುಗರು ನನಗೆ ಬೇಕು. ಇಪ್ಸ್‌ವಿಚ್ ಕಡೆಯವರ ಸರದಿ ಇನ್ನೂ ಬಾಕಿಯಿದೆ, ಮುಂದಿನ ಸಂಚಿಕೆಯಲ್ಲಿ ನಾರ್ವಿಚ್‌ನ ಮೇಲೆ ಐದು ಸಾಲು ಬರಬೇಕು. ಅವಳೇ ಬರೆಯಲಿ. ನಾರ್ವಿಚ್ ತಂಡಕ್ಕೆ ‘ಕ್ಯಾನರಿಗಳು’ ಎಂಬ ಹೆಸರಿದೆ. 16ನೇ ಶತಮಾನದಲ್ಲಿ ಆ ಊರಿಗೆ ವಲಸೆ ಬಂದ ನೇಕಾರರು ಹಳದಿ ಹಕ್ಕಿಗಳನ್ನು ಜೊತೆಗೆ ತಂದರೆಂದು ಹೇಳುತ್ತಾರೆ. ಮಗ್ಗದ ಪಕ್ಕದಲ್ಲಿ ಪಂಜರ, ಮಗ್ಗದ ಸದ್ದಿನ ನಡುವೆ ಹಕ್ಕಿಯ ಹಾಡು. ಅಲ್ಲಿಂದ ಶುರುಮಾಡಲಿ, ನೀವು ಪಕ್ಕದಲ್ಲಿ ಕೂತು ಕಾಗುಣಿತ ನೋಡಿಕೊಡಿ. ಈ ತಿಂಗಳ ಕೊನೆಯೊಳಗೆ ನಮ್ಮ ಕೈ ಸೇರಿದರೆ ಸಾಕು. ‘ಕಟ್ಟುಕತೆ’ ಎಂಬ ಪದವನ್ನು ದಪ್ಪಕ್ಷರದಲ್ಲಿ ನಾವೇ ಹಾಕಿಕೊಳ್ಳುತ್ತೇವೆ.